ಮಣ್ಣು ಮೆತ್ತಿದ ಕಿಂಡಿ

"ಗುರುಗಳೇ, ಹಿರಿಯ ಮಗಳು ಹೊಳೆಯ ಪಾಲಾದಳು. ಅಂದಿನಿಂದ ಕಿರಿಯವಳನ್ನು ಹೊಸಿಲು ದಾಟಲು ಬಿಟ್ಟಿಲ್ಲ. ಶಾಲೆ ಬಿಡಿಸಿದೆ. ಗೆಳತಿಯರನ್ನೂ ಮನೆಗೆ ಸೇರಿಸುವುದಿಲ್ಲ. ಈಗ ಅವಳು ನನ್ನೊಂದಿಗೆ ಮಾತನ್ನೇ ಬಿಟ್ಟಿದ್ದಾಳೆ. ಇದ್ದೊಬ್ಬಳನ್ನು ಕಾಪಾಡುವುದು ತಪ್ಪೇ?" ಎಂದು ಶಿಷ್ಯೆ ಸುಗುಣಮ್ಮ ಕೇಳಿದಳು.

ಗುರುಗಳು ಕತೆ ಹೇಳಿದರು.

ಬೆಟ್ಟದ ತಪ್ಪಲಿನಲ್ಲಿ ದೇಜಪ್ಪನೆಂಬ ಜೇನು ಸಾಕುವವನಿದ್ದ. ಅವನೂ ಹೆಂಡತಿ ಕಮಲಕ್ಕನೂ ಹಿತ್ತಿಲಿನ ಜೇನುಪೆಟ್ಟಿಗೆಗಳನ್ನು ನೋಡಿಕೊಂಡು ಬದುಕುತ್ತಿದ್ದರು. ಜೇನು ಕಚ್ಚಿದರೆ ದೇಜಪ್ಪ ಕೋಪಿಸಿಕೊಳ್ಳುತ್ತಿರಲಿಲ್ಲ. ಕಚ್ಚಿದ ಹುಳು ಸತ್ತುಹೋಗುತ್ತದಲ್ಲ ಎಂದು ನೊಂದುಕೊಳ್ಳುತ್ತಿದ್ದ.

ಒಂದು ವರ್ಷ ಹಡಗಿನಲ್ಲಿ ಬಂದ ಮರದ ದಿಮ್ಮಿಯೊಳಗೆ ಅಡಗಿ ಪರದೇಶದ ದೊಡ್ಡ ಕಡಜವೊಂದು ಆ ಸೀಮೆಗೆ ಬಂತು. ಕಾಡಿನಲ್ಲಿ ಗೂಡು ಕಟ್ಟಿತು. ಸಂತಾನ ಬೆಳೆಯಿತು. ಹೆಬ್ಬೆರಳಿನಷ್ಟು ದಪ್ಪದ ಹುಳುಗಳು. ಅಲ್ಲಿಯ ಜೇನುಗಳು ಅಂಥ ಶತ್ರುವನ್ನು ಎಂದೂ ಕಂಡಿರಲಿಲ್ಲ. ಎದುರಿಸುವ ಬಗೆ ಅವಕ್ಕೆ ಗೊತ್ತಿರಲಿಲ್ಲ. ಕಡಜಗಳು ಅವುಗಳ ತಲೆ ಕತ್ತರಿಸಿ ಕೆಡವಿದವು, ಗೂಡಿನ ಮರಿಗಳನ್ನು ತಮ್ಮ ಮರಿಗಳಿಗೆ ಹೊತ್ತೊಯ್ದವು. ದೇಜಪ್ಪ ಸತ್ತ ಜೇನುಗಳನ್ನು ಮೊರದಲ್ಲಿ ತುಂಬಿ ಮಣ್ಣು ಮಾಡಿದ. ಕೊನೆಗೆ ಉಳಿದದ್ದು ಒಂದೇ ಪೆಟ್ಟಿಗೆ.

ಅದರ ಕಿಂಡಿಗೆ ಅವನು ಹಸಿಮಣ್ಣು ಮೆತ್ತಲು ಕೂತ. ಕಮಲಕ್ಕ ಕೈ ಹಿಡಿದಳು.

"ಪೂರ್ತಿ ಮುಚ್ಚಬೇಡಿ. ಜೇನು ಓಡಾಡುವಷ್ಟು ಸಂದು ಬಿಡಿ. ಕಡಜ ಬಂದರೆ ನಾನಿಲ್ಲೇ ಕೂತು ಹೊಡೆಯುತ್ತೇನೆ."

"ಒಂದು ನಿನ್ನ ಕೈತಪ್ಪಿದರೆ?"

ಅವನು ಕಿಂಡಿ ಮುಚ್ಚಿದ. ಬೆಳಕು ಕಾಣುವ ಬಿರುಕುಗಳಿಗೂ ಮಣ್ಣು ತುಂಬಿದ.

ಕಡಜಗಳು ಬಂದವು. ಪೆಟ್ಟಿಗೆಯನ್ನು ಸುತ್ತಿದವು, ದಾರಿ ಕಾಣದೆ ತಿರುಗಿ ಹೋದವು. ದೇಜಪ್ಪ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ. ಬಿಸಿಲೇರಿದಾಗ ಪೆಟ್ಟಿಗೆಯೊಳಗಿಂದ ದೊಡ್ಡ ಗುಂಯ್‌ಗುಟ್ಟುವಿಕೆ ಕೇಳಿಸಿತು. ಕಮಲಕ್ಕ ಓಡಿ ಬಂದಳು.

"ಸೆಕೆಗೆ ರೆಕ್ಕೆ ಬೀಸುತ್ತಿವೆ. ತೆಗೆಯಿರಿ."

"ಬದುಕಿವೆ ಎಂದಲ್ಲವೇ ಸದ್ದು? ಕೇಳಲಿ ಬಿಡು," ಎಂದ ದೇಜಪ್ಪ. ಪೆಟ್ಟಿಗೆಗೆ ಕಿವಿಯಾನಿಸಿ ಕೂತ. ಆ ಸದ್ದು ಅವನಿಗೆ ಜೋಗುಳದಂತಿತ್ತು. ಅಲ್ಲೇ ನಿದ್ದೆ ಹೋದ.

ಎಚ್ಚರವಾದಾಗ ಸದ್ದಿರಲಿಲ್ಲ. ಪೆಟ್ಟಿಗೆಯ ಅಡಿಯಿಂದ ಜೇನುತುಪ್ಪ ಸೋರುತ್ತಿತ್ತು. ಮುಚ್ಚಳ ತೆಗೆದ. ಸೆಕೆಗೆ ಮೇಣ ಕರಗಿ ಗೂಡು ಕುಸಿದಿತ್ತು. ಹುಳುಗಳೆಲ್ಲ ಮುಚ್ಚಿದ ಕಿಂಡಿಯ ಹತ್ತಿರ ಒಂದರ ಮೇಲೊಂದು ಸತ್ತುಬಿದ್ದಿದ್ದವು. ದೇಜಪ್ಪ ಅವನ್ನು ಬೊಗಸೆಯಲ್ಲಿ ಎತ್ತಿಕೊಂಡು ಅತ್ತ. ಕಮಲಕ್ಕ ಪಕ್ಕದಲ್ಲಿ ಕೂತಳು.

ಸುಗುಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ಅವನೇನು ಮಾಡಿಯಾನು ಗುರುಗಳೇ? ಕಡಜ ಅಷ್ಟು ಕ್ರೂರಿ."

ಗುರುಗಳು ಹೇಳಿದರು: "ಆ ಪೆಟ್ಟಿಗೆಯಲ್ಲಿ ಕಡಜ ಕೊಂದ ಜೇನು ಒಂದೂ ಇರಲಿಲ್ಲ, ತಾಯಿ."