ಕಂಬಕ್ಕೆ ಗುದ್ದಿದವರು ಯಾರು

ಕಂಟ್ರಾಕ್ಟರ್ ತಮ್ಮೇಗೌಡರು ಕುಡಿದು, ತಾವೇ ಕಾರು ಓಡಿಸಿ, ಲೈಟು ಕಂಬಕ್ಕೆ ಗುದ್ದಿದರು. ಪೊಲೀಸರು ಬಂದು ಯಂತ್ರಕ್ಕೆ ಊದಿಸಿದರು. ಕೇಸಾಯಿತು.

ಮರುದಿನ ವಕೀಲರು ದಾರಿ ತೋರಿಸಿದರು. "ಓಡಿಸಿದ್ದನ್ನು ಯಾರೂ ನೋಡಿಲ್ಲ. ಡ್ರೈವರ್ ಓಡಿಸ್ತಿದ್ದ ಅಂದ್ರೆ ಕುಡಿದು ಓಡಿಸಿದ ಕೇಸು ನಿಲ್ಲೋದಿಲ್ಲ."

ಕಾರು ಗುದ್ದಿದ ಹೊತ್ತಿನಲ್ಲಿ ಮನೆಯಲ್ಲಿ ಮಲಗಿದ್ದ ಡ್ರೈವರ್‌ನನ್ನು ಗೌಡರು ಕರೆಸಿದರು. "ನಾನೇ ಗುದ್ದಿದೆ ಅಂತ ಕೋರ್ಟಲ್ಲಿ ಹೇಳೋ. ದಂಡ ನಾನು ಕಟ್ತೀನಿ."

ಇಂಥ ಔದಾರ್ಯ ಡ್ರೈವರ್‌ಗೆ ಹೊಸದಲ್ಲ. ಲೈಸೆನ್ಸ್ ಹೋದರೆ ಅವನ ಅನ್ನವೇ ಹೋಯಿತು. ಆಕಳಿಸಿ ಹೇಳಿದ: "ಆಗಲಿ ಬುದ್ಧಿ. ಕುಡಿಯದವನು ಯಾಕೆ ಗುದ್ದಿದೆ ಅಂತ ಜಡ್ಜು ಕೇಳ್ತಾರೆ. ನೀವು ಹಿಂದಿನ ಸೀಟಿಂದ ನನ್ನ ಕುತ್ತಿಗೆ ತಬ್ಬಿಕೊಂಡು, 'ಅವ್ವಾ, ಎತ್ಕೊಳವ್ವಾ' ಅಂತ ಅತ್ರಿ, ಸ್ಟೇರಿಂಗ್ ತಪ್ಪಿತು ಅಂತೀನಿ."

"ಲೋ! ತುಂಬಿದ ಕೋರ್ಟಲ್ಲಾ?"

"ಊದಿದ್ದು ನೀವೇ ಅಲ್ವಾ ಬುದ್ಧಿ. ನಂಬ್ತಾರೆ."

ವಕೀಲರು ಕನ್ನಡಕ ಒರೆಸುತ್ತಾ, "ನಂಬ್ತಾರೆ ಗೌಡ್ರೇ" ಎಂದರು.

ಗೌಡರು ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಅವರ ಲೈಸೆನ್ಸೇ ಅಮಾನತಾಯಿತು. ಗೆದ್ದ ಡ್ರೈವರ್‌ಗೆ ಸಿಕ್ಕಿದ್ದು ಭಾನುವಾರವೂ ಡ್ಯೂಟಿ. ಗೌಡರು ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂರುತ್ತಾರೆ. ಅವನ ಕುತ್ತಿಗೆಯ ಕಡೆ ಮಾತ್ರ ನೋಡುವುದಿಲ್ಲ.