ಗೋಡೆ ಏರಿದ ಓಬಮ್ಮ

ಕನಕಾಂಬರ ಬೆಳೆಯುವ ಒಂದು ಊರು. ಆ ಊರಲ್ಲಿ ಹೂ ಕಟ್ಟುವ ಓಬಮ್ಮ. ಓಬಮ್ಮನಿಗೆ ಒಬ್ಬನೇ ಮಗ, ತಿಪ್ಪೇಶಿ. ಏನು ಹೇಳಿದರೂ ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ. ಅದೇ ಅವಳ ಗೋಳು.

"ಬಾಗಿಲು ನೋಡಿಕೊಳ್ಳೋ" ಅಂದರೆ ಬಾಗಿಲನ್ನೇ ನೋಡುತ್ತ ಕೂರುವನು, ಹಿತ್ತಿಲಲ್ಲಿ ಮೇಕೆ ಬಂದು ಹೂವೆಲ್ಲ ಮೇಯುವುದು. "ಅಯ್ಯೋ ನನ್ನ ಕರ್ಮವೇ!" ಅಂತ ಓಬಮ್ಮ ಹಣೆ ಬಡಿದುಕೊಳ್ಳುವಳು. ಗೋಡೆಯ ಮೇಲೆ ತೀರಿಹೋದ ಗಂಡನ ಪಟ. ದಿನಾ ಕಟ್ಟಿದ ಹೂವಿನಲ್ಲಿ ಮೊದಲ ಮೊಳ ಆ ಪಟಕ್ಕೆ. ಹಾರ ಹಾಕುತ್ತಾ ಅವಳು ಹೇಳುವಳು: "ನೀನು ಹೋಗಿಬಿಟ್ಟೆ. ನಾನೂ ಹೋದರೆ ಇವನನ್ನು ಯಾರು ನೋಡುತ್ತಾರೆ?"

ಹೀಗಿರುವಾಗ ಓಬಮ್ಮನ ಕಂಕುಳಲ್ಲಿ ಒಂದು ಗೆಡ್ಡೆ ಎದ್ದಿತು. ಪಟ್ಟಣದ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಒತ್ತಿ ನೋಡಿದಳು. "ಇದೊಂದೇ ಆದರೆ ಕೊಯ್ದು ತೆಗೆಯಬಹುದು. ಮೈಯೆಲ್ಲ ಹರಡಿದ್ದರೆ ಕಷ್ಟ. ಪೆಟ್ ಸ್ಕ್ಯಾನ್ ಮಾಡಿ ಮೈಯೊಳಗಿನ ಚಿತ್ರ ತೆಗೆದರೆ ಗೊತ್ತಾಗುತ್ತದೆ" ಅಂದಳು.

ಸಿಸ್ಟರು ತಿಪ್ಪೇಶಿಯನ್ನು ಕರೆದು ಹೇಳಿದಳು: "ಸೋಮವಾರ ಬಾಪ್ಪ. ಬೆಳಿಗ್ಗೆ ಏನೂ ತಿನ್ನಬಾರದು. ಖಾಲಿ ಹೊಟ್ಟೆ!"

"ಆಗಲಿ ಸಿಸ್ಟರಮ್ಮ."

ಸೋಮವಾರ ತಿಪ್ಪೇಶಿ ಏನೂ ತಿನ್ನಲಿಲ್ಲ. ನೀರೂ ಮುಟ್ಟಲಿಲ್ಲ. ಓಬಮ್ಮನಿಗೆ ಮಾತ್ರ ಮುದ್ದೆ, ಸಾರು, ಮೇಲೊಂದು ಬಾಳೆಹಣ್ಣು. ಆಸ್ಪತ್ರೆಯಲ್ಲಿ ಅವಳಿಗೆ ತೇಗು ಬಂತು. ಅವನಿಗೆ ತಲೆ ಸುತ್ತು ಬಂತು.

"ಯಾರೋ ಖಾಲಿ ಹೊಟ್ಟೆ ಇರೋದು?"

"ನಾನು, ಸಿಸ್ಟರಮ್ಮ. ನೀವು ನನಗೆ ಹೇಳಿದ್ದು."

"ನಿನಗಲ್ಲ ಕಣಪ್ಪ! ಇಲ್ಲಿ ನಾನು ಏನು ಹೇಳಿದರೂ ಅದು ಅಮ್ಮನಿಗೆ. ಅಮ್ಮನ ಕೈಲಿ ಮಾಡಿಸು. ತಲೆಗೆ ಹೋಯಿತಾ?"

"ಹೋಯಿತು."

ಮುಂದಿನ ಸಲ ಓಬಮ್ಮನದು ಖಾಲಿ ಹೊಟ್ಟೆ. ಸೂಜಿ ಚುಚ್ಚಿದರು. ಒಂದು ಕೋಣೆಯಲ್ಲಿ ಮಲಗಿಸಿದರು. ಬಾಗಿಲಲ್ಲಿ ನಿಂತಿದ್ದ ತಿಪ್ಪೇಶಿಗೆ ಸಿಸ್ಟರು ಹೇಳಿದಳು: "ಇಲ್ಲಿ ನಿಲ್ಲಬೇಡ. ಹೊರಗೆ ಹೋಗಿ ಒಂದು ಸುತ್ತು ಹಾಕಿ, ಟೀ ಕುಡಿದು ಬಾ." ಹೇಳಿ ಬೇರೆ ಕೆಲಸಕ್ಕೆ ಹೋದಳು.

ಏನು ಹೇಳಿದರೂ ಅಮ್ಮನಿಗೆ!

"ಏಳಮ್ಮ. ಸುತ್ತು ಹಾಕಬೇಕಂತೆ. ಟೀ ಕುಡಿಯಬೇಕಂತೆ."

"ಈಗ ತಾನೇ ಮಲಗು ಅಂದರಲ್ಲೋ?"

"ಈಗ ಏಳು ಅಂದಿದ್ದಾರೆ."

ಓಬಮ್ಮ ಒಂದು ಸುತ್ತು ಹಾಕಿದಳು. ಟೀ ಕುಡಿದಳು. ಸಕ್ಕರೆ ಸಾಲದು ಅಂತ ಇನ್ನೊಂದು ಚಮಚ ಹಾಕಿಸಿಕೊಂಡಳು.

ಡಾಕ್ಟರಮ್ಮನೇ ಬಂದಳು. "ಸೂಜಿಯಲ್ಲಿ ಕೊಟ್ಟಿದ್ದು ಸಕ್ಕರೆಯಂಥದೇ ಮದ್ದು ಕಣಯ್ಯ! ರೋಗ ಇರುವ ಕಡೆ ಅದನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಚಿತ್ರದಲ್ಲಿ ಅಲ್ಲಿ ಕಪ್ಪಗೆ ಕಾಣುತ್ತದೆ. ನಡೆಸಿದರೆ ಆ ಮದ್ದನ್ನು ಕಾಲೇ ಎಳೆದುಕೊಳ್ಳುತ್ತದೆ! ಟೀ ಕುಡಿಸಿದರೆ ಎಲ್ಲ ಕೆಟ್ಟಿತು! ಆ ಮದ್ದನ್ನು ಇಟ್ಟುಕೊಳ್ಳುವುದಕ್ಕೂ ಆಗಲ್ಲ, ಹೊತ್ತು ಹೋದ ಹಾಗೆ ಅದರ ಕಸುವು ಹೋಗುತ್ತದೆ. ಮುಂದಿನ ಸಲ ನಿಮ್ಮಮ್ಮ ಒಂದೇ ಕಡೆ, ಚಿಂತೆಯಿಲ್ಲದೆ, ನೆಮ್ಮದಿಯಾಗಿರಬೇಕು. ಅಷ್ಟು ನೋಡಿಕೋ!"

"ಅಷ್ಟೇ ತಾನೆ?"

ತಿಪ್ಪೇಶಿ ದಾರಿಯುದ್ದಕ್ಕೂ ಯೋಚಿಸಿದ. ಅಮ್ಮ ಒಂದೇ ಕಡೆ, ಚಿಂತೆಯಿಲ್ಲದೆ ಇರುವುದು ಯಾವಾಗ? ಹೂ ಕಟ್ಟುವಾಗ!

ಮೂರನೆಯ ಸಲ ಅವನ ಚೀಲದಲ್ಲಿ ಬಿಡಿಹೂವು, ಬಾಳೆನಾರು. ಸಿಸ್ಟರು ಬಾಗಿಲು ಎಳೆದುಕೊಂಡು ಹೋಗುವುದನ್ನೇ ಕಾದು ಅಮ್ಮನ ಮಡಿಲಿಗೆ ಸುರಿದ.

"ಬೇಡ ಅಂತಾರೇನೋ ಕಣೋ!"

"ನೆಮ್ಮದಿಯಾಗಿರಬೇಕು ಅಂತ ಡಾಕ್ಟರಮ್ಮನೇ ಅಂದಿದ್ದಾರೆ."

ಓಬಮ್ಮ ಕಟ್ಟಿದಳು. ಕಾಲು ಅಲ್ಲಾಡಿಸಲಿಲ್ಲ, ಮಾತಾಡಲಿಲ್ಲ. ಬೆರಳು ಮಾತ್ರ ಆಡಿದವು. ಗೆಡ್ಡೆಯ ನೆನಪೂ ಅವಳಿಗೆ ಬರಲಿಲ್ಲ.

ಆಮೇಲೆ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರು. ಡಾಕ್ಟರಮ್ಮ ಅದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡಳು. ಮೊಣಕೈಯಿಂದ ಬೆರಳಿನವರೆಗೆ ಎರಡೂ ಕೈ ಕಪ್ಪು. ಇದೆಂಥ ರೋಗ? ಎದ್ದು ಕೋಣೆಗೆ ಬಂದಳು. ಮಂಚದ ತುಂಬ ಕನಕಾಂಬರದ ಮಾಲೆ.

"ಏನಿದು?"

"ನೆಮ್ಮದಿ" ಅಂದ ತಿಪ್ಪೇಶಿ.

ಡಾಕ್ಟರಮ್ಮ ಮಾಲೆ ನೋಡಿದಳು. ಚಿತ್ರ ನೋಡಿದಳು. "ಕೈ ಕಪ್ಪಾಗಿದ್ದು ಹೂ ಕಟ್ಟಿದ್ದಕ್ಕೆ. ಉಳಿದದ್ದೆಲ್ಲ ಸ್ಪಷ್ಟವಾಗಿದೆ. ಓಬಮ್ಮ, ರೋಗ ಇರುವುದು ಕಂಕುಳಲ್ಲಿ ಮಾತ್ರ. ಬೇರೆಲ್ಲೂ ಕಾಣುತ್ತಿಲ್ಲ. ಕೊಯ್ದು ತೆಗೆಯಬಹುದು."

ಓಬಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಒರೆಸಿಕೊಂಡು ಮಗನ ಕಡೆ ತಿರುಗಿದಳು. "ಹೂ ಇರೋದು ಆಸ್ಪತ್ರೆಗೆ ತರೋಕಲ್ಲ ಕಣೋ! ಮನೇಲಿ ಪಟಕ್ಕೆ ಹಾಕೋಕೆ!"

ಸಿಸ್ಟರು ಚಿತ್ರವನ್ನು ಅವನ ಕೈಗಿತ್ತಳು. "ಮಡಚಬೇಡ, ಜೋಪಾನ. ಅಮ್ಮನ ಮೈಯಲ್ಲಿ ಇನ್ನೂ ಮದ್ದಿದೆ, ಅದರ ಕಿರಣ ಒಳ್ಳೆಯದಲ್ಲ. ಸಂಜೆ ದೀಪ ಹಚ್ಚುವವರೆಗೆ ಬಸುರಿಯರಿಂದ, ಎಳೆಮಕ್ಕಳಿಂದ ದೂರ ಇರಿಸು."

ಪಕ್ಕದ ಮನೆಯಲ್ಲಿ ಪಾಲಮ್ಮ ತುಂಬಿದ ಬಸುರಿ. ಅದಕ್ಕೇ ತಿಪ್ಪೇಶಿ ಅಮ್ಮನನ್ನು ಹೊಲದ ಗುಡಿಸಲಲ್ಲಿ ಮಲಗಿಸಿದ. ಮನೆಗೆ ಬಂದ. ಅಮ್ಮನ ಪಟ ಅಂತ ಇದ್ದದ್ದು ಸಿಸ್ಟರು ಕೊಟ್ಟ ಆ ಚಿತ್ರವೊಂದೇ. ಮಡಚದ ಹಾಗೆ ಅಪ್ಪನ ಪಟದ ಪಕ್ಕ ಮೊಳೆ ಹೊಡೆದು ತೂಗುಹಾಕಿದ. ಹೂ ಇರುವುದು ಪಟಕ್ಕೆ. ಹಾಕಿದ.

ಏನಾಯಿತೋ ಕೇಳೋಣ ಅಂತ ಅದೇ ಕೇರಿಯ ನಿಂಗಜ್ಜಿ ಬಂದಳು.

"ಅಮ್ಮ ಎಲ್ಲೋ?"

ತಿಪ್ಪೇಶಿ ಗೋಡೆ ತೋರಿಸಿದ. ಅಜ್ಜಿ ಹಾರ ನೋಡಿದಳು.

"ಅಯ್ಯೋ ಶಿವನೇ! ಯಾವಾಗಲೋ?"

"ಬೆಳಿಗ್ಗೆ. ಸೂಜಿ ಚುಚ್ಚಿದ ಮೇಲೆ."

"ನರಳಿದಳೇನೋ?"

"ಇಲ್ಲಜ್ಜಿ. ನೆಮ್ಮದಿಯಾಗಿದ್ದಳು."

"ಈಗ ಎಲ್ಲಿದಾಳೆ?"

"ಹೊಲದಲ್ಲಿ. ದೂರ ಇರಿಸು ಅಂದರು."

"ಒಬ್ಬನೇ ಮಾಡಿದೆಯಾ?"

"ಒಬ್ಬನೇ."

ನಿಂಗಜ್ಜಿ ಎದೆ ಬಡಿದುಕೊಂಡು ಅತ್ತಳು. ಕೇರಿಯ ಹೆಂಗಸರು ಓಡಿಬಂದು ಅತ್ತರು. ಎಲ್ಲರೂ ಅಳುತ್ತಿದ್ದರಿಂದ ತಿಪ್ಪೇಶಿಯೂ ಸ್ವಲ್ಪ ಅತ್ತ. ಅತ್ತು ಹೇಳಿದ: "ಅಳಬೇಡಿ. ದೀಪ ಹಚ್ಚೋ ಹೊತ್ತಿಗೆ ಬರ್ತಾಳೆ."

"ಅಯ್ಯೋ ಮಗನೇ, ಹೋದವರು ಬರ್ತಾರೇನೋ!"

"ಹೋಗಿಲ್ಲ. ರೋಗ ಒಂದೇ ಕಡೆ ಇದೆಯಂತೆ, ಕೊಯ್ದು ತೆಗೀತಾರಂತೆ."

ಅಳು ನಿಂತಿತು. ನಿಂಗಜ್ಜಿ ಎದ್ದು ನಿಂತಳು.

"ಬದುಕಿದಾಳಾ? ಮತ್ತೆ ಹಾರ ಯಾಕೋ ಹಾಕಿದೆ, ಮಂಕೇ! ಪಟಕ್ಕೆ ಹಾರ ಇದ್ದರೆ ಸತ್ತರು ಅಂತ ಕಣೋ! ಬದುಕಿದ್ದರೆ ಹಾರ ಇರಬಾರದು! ತೆಗಿ ಮೊದಲು!"

ತಿಪ್ಪೇಶಿ ಹಾರ ತೆಗೆದ. ತೆಗೆದು ತಿರುಗಿದರೆ ಹೊಸ್ತಿಲಲ್ಲಿ ಅಮ್ಮ! "ಯಾರು ಹೋದರೇ? ಹೊಲದವರೆಗೂ ಅಳು ಕೇಳಿಸಿತು!" ಅನ್ನುತ್ತ ನಿಂತಿದ್ದಳು.

ತಿಪ್ಪೇಶಿ ಕೈಯಲ್ಲಿದ್ದ ಹಾರ ನೋಡಿದ. ಹೊಸ್ತಿಲು ನೋಡಿದ. ಗೋಡೆ ನೋಡಿದ.

ಹೆಂಗಸರು ನಕ್ಕರು, ಬೈದರು, ಓಬಮ್ಮನ ಕೆನ್ನೆ ಸವರಿದರು, ತಮ್ಮ ತಮ್ಮ ಮನೆಗೆ ಹೋದರು. ಓಬಮ್ಮ ದೀಪ ಹಚ್ಚಿದಳು, ಮುದ್ದೆ ತಿರುವಿದಳು. ಉಣ್ಣಲು ಕರೆಯಲು ಬಂದರೆ ಗಂಡನ ಪಟದಲ್ಲಿ ಹಾರವಿಲ್ಲ. ನೆಲದ ಮೇಲೆ ಮೂರು ತಟ್ಟೆ. ಬಾಗಿಲಲ್ಲಿ ಕಾಲು ತೊಳೆಯಲು ಒಂದು ಚೊಂಬು ನೀರು.

"ಏನೋ ಇದು?"

"ಸ್ವಲ್ಪ ತಡಿಯಮ್ಮ" ಅಂದ ತಿಪ್ಪೇಶಿ, ಬಾಗಿಲ ಕಡೆಯೇ ನೋಡುತ್ತ. "ಅಪ್ಪ ಬರಲಿ."

ಓಬಮ್ಮ ಬೈಯಲು ಬಾಯಿ ತೆರೆದಳು. ಮೂರನೆಯ ತಟ್ಟೆ ನೋಡಿದಳು. ಮಗನ ಪಕ್ಕ ಕೂತಳು. ಮುದ್ದೆ ಆರುತ್ತಿತ್ತು.