ಕೋಳಿ ಒಂದೇ ಕಣ್ಣಲ್ಲಿ ಯಾಕೆ ನೋಡುತ್ತದೆ?

ಆಕಾಶಕ್ಕೆ ಬಳಿದ ನೀಲಿ ಇನ್ನೂ ಒಣಗಿರಲಿಲ್ಲ, ಆ ಕಾಲದ ಮಾತು. ಆಗ ಗಾಳಿ ಮಾತಾಡುತ್ತಿತ್ತು, ಕೋಳಿಯೂ ಮಾತಾಡುತ್ತಿತ್ತು. ಕೋಳಿಗಳೆಲ್ಲ ನಮ್ಮ ನಿಮ್ಮ ಹಾಗೆ ಎರಡೂ ಕಣ್ಣಿಂದ ನೆಟ್ಟಗೆ ನೋಡುತ್ತಿದ್ದವು. ನಂಬಿಕೆ ಇಲ್ಲವಾ? ಕೇಳು ಮತ್ತೆ!

ಹೊನ್ನಜ್ಜಿಯ ಹಿತ್ತಲಲ್ಲಿ ಐದು ಕೋಳಿಗಳಿದ್ದವು. ಅದರಲ್ಲಿ ಕೆಂಪಿ ಅಂತ ಒಬ್ಬಳು. ಅಬ್ಬಬ್ಬಾ, ಅವಳ ಜೋರೇ! ಅಜ್ಜಿ ರಾಗಿ ಚೆಲ್ಲಿದರೆ ಸಾಕು, ಓಡಿ ಬಂದು ಕುಕ್ಕುವಳು. ರಾಗಿಯನ್ನಲ್ಲ, ಉಳಿದ ಕೋಳಿಗಳನ್ನು! ಬಲಕ್ಕೆ ಬಂದವಳಿಗೆ ಟಕ್! ಎಡಕ್ಕೆ ಬಂದವಳಿಗೆ ಟಕ್!

ಎಲ್ಲರಿಗಿಂತ ಚಿಕ್ಕವಳು ಪಿಳ್ಳಿ. ಅವಳಿಗೆ ಟಕ್ ಟಕ್ ಟಕ್! ಪಾಪ, ಅವಳ ಬೆನ್ನಿನ ಪುಕ್ಕವೆಲ್ಲ ಕಿತ್ತುಹೋಗಿತ್ತು. ಹೊಟ್ಟೆಗೆ ಕಾಳಿಲ್ಲದೆ ನಡೆಯುವಾಗ ತೂರಾಡುತ್ತಿದ್ದಳು.

"ಅಯ್ಯೋ, ಹಿಂಗೇ ಆದ್ರೆ ಈ ಕೂಸು ಉಳಿಯಾಕಿಲ್ಲ" ಅಂತ ಅಜ್ಜಿ ಪಿಳ್ಳಿಯನ್ನು ಎತ್ತಿ ಕೂರಿಸಿ, ಅವಳ ಮೇಲೆ ಸೊಪ್ಪು ತುಂಬುವ ಬಿದಿರಿನ ಮಂಕರಿ ಕವುಚಿದಳು.

ಬೇಲಿ ಮೇಲೆ ಕೂತಿದ್ದ ಗಾಳಿ ಹೋ ಎಂದು ನಕ್ಕಿತು. "ಏನಜ್ಜೀ! ಏಟು ತಿಂದೋಳು ಒಳಗೆ, ಕೊಟ್ಟೋಳು ಹೊರಗೆ! ಇದ್ಯಾವ ಸೀಮೆ ನ್ಯಾಯ?"

ಅಜ್ಜಿ ಹಣೆ ಚಚ್ಚಿಕೊಂಡಳು. "ಹೌದಲ್ಲಪ್ಪಾ! ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!" ಮಂಕರಿ ಎತ್ತಿ ಪಿಳ್ಳಿಯನ್ನು ಬಿಟ್ಟಳು. ಕೆಂಪಿಯನ್ನು ಹಿಡಿದು ಮುಚ್ಚಿದಳು. ನೀರು ಇಟ್ಟಳು, ಕಾಳೂ ಇಟ್ಟಳು, ಮೇಲೆ ಒಂದು ಕಲ್ಲನ್ನೂ ಇಟ್ಟಳು.

ಮೊದಲ ದಿನ ಕೆಂಪಿ ಕಿರುಚಿದ್ದೇ ಕಿರುಚಿದ್ದು. ಎರಡನೇ ದಿನ ಮುನಿಸಿಕೊಂಡು ಕೂತಳು. ಮೂರನೇ ದಿನ ಬೇಜಾರಾಗಿ, ಹೊರಗೆ ಏನಾಗುತ್ತಿದೆ ನೋಡೋಣ ಅಂದುಕೊಂಡಳು. ಆದರೆ ಮಂಕರಿಯ ಸಂದಿ ಎರಡು ಕಣ್ಣಿಗೆ ಸಾಲದು! ತಲೆ ಓರೆ ಮಾಡಿ ಒಂದೇ ಕಣ್ಣಿಟ್ಟಳು. ಎದುರಿಗೇ ಪಿಳ್ಳಿಯ ಬೋಳು ಬೆನ್ನು.

'ಅಷ್ಟನ್ನೂ ನಾನೇ ಕಿತ್ತಿದ್ದಾ?' ಕೆಂಪಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ನೆಲದ ಮೇಲೆ ಒಂದು ನೆರಳು ಸರಿಯಿತು. ಕೆಂಪಿ ಇನ್ನೂ ಓರೆಯಾಗಿ ಮೇಲೆ ನೋಡಿದಳು. ಹದ್ದು! ಉಳಿದವರೆಲ್ಲ ತಲೆ ತಗ್ಗಿಸಿ ತಿನ್ನುತ್ತಿದ್ದರು.

"ಹದ್ದು! ಹದ್ದು! ಓಡ್ರೇ! ಪಿಳ್ಳೀ, ಓಡೇ!"

ಮೂವರು ಬೇಲಿಯೊಳಗೆ ನುಗ್ಗಿದರು. ಪಿಳ್ಳಿಯ ಕಾಲಿಗೆ ಇನ್ನೂ ಬಲ ಬಂದಿರಲಿಲ್ಲ, ಎಡವಿ ಬಿದ್ದಳು.

"ಅಜ್ಜೀ, ಮಂಕರಿ ಎತ್ತು! ಬೇಗ ಎತ್ತಜ್ಜೀ!"

ಅಜ್ಜಿ ಓಡಿಬಂದು ಕಲ್ಲನ್ನು ತಳ್ಳಿ ಮಂಕರಿ ಎತ್ತಿದಳು. ಕೆಂಪಿ ಒಂದೇ ನೆಗೆತಕ್ಕೆ ಹೋಗಿ ಪಿಳ್ಳಿಯನ್ನು ರೆಕ್ಕೆಯಲ್ಲಿ ಮುಚ್ಚಿಕೊಂಡಳು. ಹದ್ದು ಸೊಯ್ಯೆಂದು ಇಳಿಯಿತು. ಟಕ್! ಈ ಸಲದ ಟಕ್ ಹದ್ದಿನ ಮೂತಿಗೆ! ಅದು ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹಾರಿತು. ಗಾಳಿ ಕುಣಿಯಿತು, ಅಜ್ಜಿಯೂ ಕುಣಿದಳು!

ಆಮೇಲೆ ಕೆಂಪಿ ಪೂರ್ತಿ ಸಾಧುವಾದಳಾ? ಎಲ್ಲಿ ಬಂತು! ಆಗೀಗ ಕುಕ್ಕುತ್ತಲೇ ಇದ್ದಳು. ಆದರೆ ಕುಕ್ಕುವ ಮೊದಲು ತಲೆ ಓರೆ ಮಾಡಿ, ಒಂದೇ ಕಣ್ಣಲ್ಲಿ ಒಂದು ಸಲ ನೋಡುವಳು. ಅವಳಿಂದ ಉಳಿದವರೂ ಕಲಿತರು.

ನಾಳೆ ನೀನು ಕಾಳು ಹಿಡಿದು ಹಿತ್ತಲಿಗೆ ಹೋದಾಗ ಕೋಳಿ ಹಾಗೆ ಓರೆಯಾಗಿ ದಿಟ್ಟಿಸಿದರೆ ಹೆದರಬೇಡ ಮಗಾ, ಕುಕ್ಕಬೇಕಾದ್ದು ಯಾರನ್ನು, ಕಾಯಬೇಕಾದ್ದು ಯಾರನ್ನು ಅಂತ ಅದು ಇವತ್ತಿಗೂ ಆ ಮಂಕರಿಯ ಸಂದಿಯಿಂದಲೇ ನೋಡುತ್ತಿದೆ.